ಭಾರ ಬಲವಲ್ಲ

ಹೊಸ ಮನೆ ಕಟ್ಟಿಸಿದವರು ಅದರ ಗಟ್ಟಿತನವನ್ನು ಬಣ್ಣಿಸುವ ಬಗೆ ಬೀದರಿನಿಂದ ಚಾಮರಾಜನಗರದವರೆಗೆ ಹೆಚ್ಚುಕಡಿಮೆ ಒಂದೇ. ‘ಎಲ್ಲರೂ ಐದಿಂಚು ಹಾಕಿಸ್ತಾರೆ, ನಾನು ಆರೂವರೆ ಇಂಚು ಮೋಲ್ಡ್ ಹಾಕಿಸಿದೀನಿ.’ ‘ಎಂಜಿನಿಯರು ಎಂಟು ಎಂಎಂ ಸಾಕು ಅಂದ್ರು, ನಾನು ಹತ್ತು ಎಂಎಂ ಕಂಬಿಯನ್ನೇ ಕಟ್ಟಿಸಿದೆ.’ ‘ಸಿಮೆಂಟಿಗೆ ಕೈ ಹಿಡಿದಿಲ್ಲ, ಮುಂದೆ ಇನ್ನೆರಡು ಮಹಡಿ ಏರಿಸಬಹುದು.’ ಕೇಳಿದ ನೆಂಟರು ತಲೆದೂಗುತ್ತಾರೆ, ಪಕ್ಕದಲ್ಲಿ ನಿಂತ ಮೇಸ್ತ್ರಿಯೂ ತಲೆದೂಗುತ್ತಾರೆ. ಭಾರವಾದದ್ದೆಲ್ಲ ಬಲವಾದದ್ದು ಎಂಬ ನಂಬಿಕೆ ನಮ್ಮ ಮನೆ ಕಟ್ಟುವ ವ್ಯವಹಾರದಲ್ಲಿ ಯಾರೂ ಪ್ರಶ್ನಿಸದ ಸಿದ್ಧಾಂತವಾಗಿ ಕುಳಿತಿದೆ. ಈ ಸಿದ್ಧಾಂತ ತಪ್ಪು. ಅದು ಮನೆಯೊಡೆಯನ ದುಡ್ಡು ತಿನ್ನುತ್ತದೆ, ನಿಜವಾಗಿ ನೋಡಬೇಕಾದ ಕಡೆಯಿಂದ ಅವನ ಕಣ್ಣು ತಪ್ಪಿಸುತ್ತದೆ, ಕೆಲವೊಮ್ಮೆ ಜೀವವನ್ನೂ ತೆಗೆಯುತ್ತದೆ.

ಈ ನಂಬಿಕೆ ಉಳಿದಿರುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಸಿಮೆಂಟು ಚೀಲದ ಲೆಕ್ಕದಲ್ಲಿ ಮಾರಾಟವಾಗುತ್ತದೆ, ಕಂಬಿ ಟನ್ನಿನ ಲೆಕ್ಕದಲ್ಲಿ. ಕಡಿಮೆ ಬಳಸಿ ಎಂದು ಹೇಳುವ ಜಾಹೀರಾತನ್ನು ಯಾವ ಕಂಪನಿಯೂ ಕೊಡುವುದಿಲ್ಲ. ಮೇಸ್ತ್ರಿಗೆ ಕಂಬಿ ಹೆಚ್ಚು ಎಂದರೆ ಧೈರ್ಯ. ಲೆಕ್ಕ ಗೊತ್ತಿಲ್ಲದ ಜಾಗವನ್ನು ಕಬ್ಬಿಣದಿಂದ ತುಂಬಿಬಿಟ್ಟರೆ ಮುಂದೆ ಯಾರೂ ಬೈಯುವಂತಿಲ್ಲ. ಮನೆಯೊಡೆಯನಿಗಂತೂ ದಪ್ಪ ಕಣ್ಣಿಗೆ ಕಾಣುತ್ತದೆ, ಲೆಕ್ಕ ಕಾಣುವುದಿಲ್ಲ. ಪಾಲಿಕೆಗೆ ಕೊಡುವ ನಕ್ಷೆಯಲ್ಲಿ ಕೋಣೆಯ ಅಳತೆ, ಬಿಡಬೇಕಾದ ಜಾಗ, ಎತ್ತರ ಇರುತ್ತವೆ. ಯಾವ ಬೀಮಿನಲ್ಲಿ ಎಷ್ಟು ಕಂಬಿ, ಅದು ಮೇಲೋ ಕೆಳಗೋ ಎಂಬುದು ಅದರಲ್ಲಿ ಇರುವುದಿಲ್ಲ. ಆ ಖಾಲಿ ಜಾಗವನ್ನು ಈ ನಂಬಿಕೆ ತುಂಬಿಕೊಂಡಿದೆ.

ಮೊದಲು ತೂಕದ ಲೆಕ್ಕ ನೋಡೋಣ. ಕಂಬಿ ಹಾಕಿದ ಕಾಂಕ್ರೀಟಿನ ತೂಕ ಘನ ಮೀಟರಿಗೆ ಸುಮಾರು 2500 ಕೆಜಿ. ನಮ್ಮ ಅಳತೆಗೆ ತಂದರೆ, ಐದಿಂಚಿನ ತಾರಸಿ ಪ್ರತಿ ಚದರಡಿಗೆ ಸುಮಾರು 30 ಕೆಜಿ ತೂಗುತ್ತದೆ. ಒಂದು ಚದರ, ಅಂದರೆ 100 ಚದರಡಿಗೆ ಮೂರು ಟನ್. ಅದರ ಮೇಲೆ ನೀರು ಹರಿಯಲು ಇಳಿಜಾರು ಮಾಡಿ ಮೂರಿಂಚು ಇಟ್ಟಿಗೆ ಜಲ್ಲಿಯ ಪದರ ಹಾಕಿದರೆ ಚದರಡಿಗೆ ಇನ್ನೂ 13 ಕೆಜಿ. ಕೆಳಗಿನ ಗಾರೆ ಎರಡು ಕೆಜಿ. ಒಟ್ಟು 45 ಕೆಜಿ. ಇನ್ನು ಜನ ಓಡಾಡುವ ತಾರಸಿಯ ಮೇಲೆ ಬರಬಹುದಾದ ಹೊರಗಿನ ಭಾರವೆಂದು ಭಾರತೀಯ ಮಾನಕ 875ರ ಎರಡನೇ ಭಾಗ ಲೆಕ್ಕಕ್ಕೆ ಹಿಡಿಯುವುದು ಚದರ ಮೀಟರಿಗೆ ಸುಮಾರು 150 ಕೆಜಿ, ಚದರಡಿಗೆ 14 ಕೆಜಿ. ಎರಡನ್ನೂ ಕೂಡಿದರೆ 59. ಅದರಲ್ಲಿ ಮುಕ್ಕಾಲು ಪಾಲು ತಾರಸಿಯ ಸ್ವಂತ ತೂಕ. ತಾರಸಿ ಜೀವಮಾನವಿಡೀ ಹೊರುವುದು ಮುಖ್ಯವಾಗಿ ತನ್ನನ್ನೇ.

ಐದಿಂಚನ್ನು ಆರೂವರೆ ಮಾಡಿದವರು ಮಾಡಿದ್ದೇನು? ಚದರಡಿಗೆ ಸುಮಾರು ಒಂಬತ್ತು ಕೆಜಿ ಸೇರಿಸಿದ್ದಾರೆ. ಹತ್ತು ಚದರದ ಮನೆಗೆ ಅದು ಒಂಬತ್ತು ಟನ್ನಿನ ಹತ್ತಿರ. ಯಾರೊಬ್ಬರೂ ತಾರಸಿಗೆ ಕಾಲಿಡುವ ಮೊದಲೇ, ಜನರಿಗೆಂದು ಲೆಕ್ಕ ಹಿಡಿದ ಭಾರದ ಮೂರನೇ ಎರಡು ಪಾಲಿನಷ್ಟು ಹೊಸ ಭಾರ ಅಲ್ಲಿ ಖಾಯಮ್ಮಾಗಿ ಕುಳಿತಿದೆ. ದಪ್ಪದಿಂದ ಲಾಭವೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ದಪ್ಪ ಹೆಚ್ಚಿದಷ್ಟೂ ತಾರಸಿ ಬಾಗುವುದು ಕಡಿಮೆ. ಕೋಣೆ ಅಗಲವಾಗಿದ್ದರೆ ಅಷ್ಟು ದಪ್ಪ ಬೇಕೇ ಬೇಕು. ಆದರೆ ಆ ಲಾಭ ತಾರಸಿಗೆ ಮಾತ್ರ. ಅದರ ಕೆಳಗಿರುವ ಬೀಮು, ಪಿಲ್ಲರು, ಪಾಯ, ಪಾಯದಡಿಯ ಮಣ್ಣು ಇವಕ್ಕೆಲ್ಲ ಸಿಗುವುದು ಬರೀ ಹೊರೆ. ಹುಬ್ಬಳ್ಳಿ, ಗದಗ, ರಾಯಚೂರಿನ ಎರೆ ಮಣ್ಣಿನಲ್ಲಿ ಮನೆ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನ ಮೇಲೆ ಗೋಡೆ ಸೀಳಿದಾಗ ಆರೂವರೆ ಇಂಚಿನ ಮೋಲ್ಡು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ದಪ್ಪ ಎಷ್ಟಿರಬೇಕು ಎಂಬುದನ್ನು ತೀರ್ಮಾನಿಸುವುದು ಆಧಾರದಿಂದ ಆಧಾರಕ್ಕೆ ಇರುವ ಅಂತರ. ಹತ್ತು ಅಡಿ ಅಗಲದ ಕೋಣೆಯನ್ನು ಹದಿನಾಲ್ಕು ಅಡಿಗೆ ಹಿಗ್ಗಿಸಿದರೆ ತಾರಸಿಯನ್ನು ಬಾಗಿಸುವ ಬಲ ಸುಮಾರು ಎರಡು ಪಟ್ಟಾಗುತ್ತದೆ, ಅದೇ ದಪ್ಪದ ತಾರಸಿ ಜಗ್ಗುವುದು ಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಲ್ ದೊಡ್ಡದಾಗಲಿ ಎಂದು ನಡುವಿನ ಗೋಡೆ ಒಡೆಸುವವರು ಈ ಲೆಕ್ಕವನ್ನು ಯಾರ ಹತ್ತಿರ ಕೇಳಿದ್ದಾರೆ? ಪಿಲ್ಲರಿಲ್ಲದೆ ಗೋಡೆಯ ಮೇಲೆಯೇ ನಿಂತ ಹಳೆಯ ಮನೆಗಳಲ್ಲಿ ಆ ಗೋಡೆ ಬರೀ ಕೋಣೆ ಬೇರ್ಪಡಿಸುತ್ತಿರಲಿಲ್ಲ, ಮೇಲಿನ ತಾರಸಿಯನ್ನು ಹೊತ್ತಿತ್ತು. ಅದನ್ನು ತೆಗೆದ ದಿನ ತಾರಸಿಯ ದಪ್ಪ ಬದಲಾಗಿರುವುದಿಲ್ಲ, ಕಂಬಿ ಬದಲಾಗಿರುವುದಿಲ್ಲ. ಅದು ಹೊರಬೇಕಾದ ಕೆಲಸ ಮಾತ್ರ ಪೂರ್ತಿ ಬದಲಾಗಿರುತ್ತದೆ.

ಕಂಬಿಯ ವಿಷಯಕ್ಕೆ ಬರೋಣ. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದು ಅದರ ಹತ್ತನೇ ಒಂದು ಪಾಲಿನಷ್ಟು. ಎರಡು ಗೋಡೆಯ ನಡುವೆ ಮಲಗಿದ ತಾರಸಿ ಬಾಗಿದಾಗ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ಆದ್ದರಿಂದ ಕಂಬಿ ಕೆಳಗೆ. ಹೊರಕ್ಕೆ ಚಾಚಿದ ಬಾಲ್ಕನಿಯಲ್ಲಿ, ಸಜ್ಜಾದಲ್ಲಿ ಇದು ತಿರುವುಮುರುವು: ಎಳೆತ ಮೇಲೆ, ಹಾಗಾಗಿ ಮುಖ್ಯ ಕಂಬಿ ಮೇಲೆ. ಕಂಬಿ ಎಷ್ಟು ಎನ್ನುವುದಕ್ಕಿಂತ ಎಲ್ಲಿ ಎನ್ನುವುದೇ ಇಲ್ಲಿ ಜೀವಾಳ. ಬಾಲ್ಕನಿಯ ಕಂಬಿಯನ್ನು ಬಾರ್ ಬೆಂಡರ್ ಎರಡು ದಿನ ಕೂತು ಅಚ್ಚುಕಟ್ಟಾಗಿ ಕಟ್ಟಿರುತ್ತಾನೆ. ಮೋಲ್ಡಿನ ದಿನ ಬಾಂಡ್ಲಿ ಹೊತ್ತವರು ಅದರ ಮೇಲೆಯೇ ಓಡಾಡುತ್ತಾರೆ, ಕಂಬಿ ತುಳಿತಕ್ಕೆ ಸಿಕ್ಕಿ ಸೆಂಟ್ರಿಂಗಿನ ತಳಕ್ಕೆ ಕೂರುತ್ತದೆ, ಮೇಲೆ ಕಾಂಕ್ರೀಟು ಮುಚ್ಚುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕೆಳಕ್ಕೆ ಕುಸಿದ ಆ ಕಂಬಿ ಹನ್ನೆರಡು ಎಂಎಂ ಆಗಿದ್ದರೂ ಹದಿನಾರು ಎಂಎಂ ಆಗಿದ್ದರೂ ಬಾಲ್ಕನಿಗೆ ಕೆಲಸಕ್ಕೆ ಬಾರದು. ಸೆಂಟ್ರಿಂಗ್ ಬಿಚ್ಚಿದೊಡನೆ ಸಜ್ಜಾ ಮುರಿದು ಬಿದ್ದ ಸುದ್ದಿ ಬಂದಾಗ ‘ಕಂಬಿ ಸಾಲಲಿಲ್ಲ’ ಎಂದು ತೀರ್ಪು ಕೊಡುವ ಮೊದಲು ಕಂಬಿ ಎಲ್ಲಿತ್ತು ಎಂದು ಕೇಳಬೇಕು.

ಹೆಚ್ಚು ಕಂಬಿ ಕೇಡು ಮಾಡುವ ಸಂದರ್ಭವೂ ಇದೆ, ಅದು ಬೀಮಿನಲ್ಲಿ. ಲೆಕ್ಕಕ್ಕೆ ತಕ್ಕ ಕಂಬಿಯಿರುವ ಬೀಮಿಗೆ ಮಿತಿಮೀರಿ ಭಾರ ಬಿದ್ದರೆ ಮೊದಲು ಸೋಲುವುದು ಕಂಬಿ. ಅದು ಹಿಗ್ಗುತ್ತದೆ, ಕೆಳಗೆ ಬಿರುಕು ಬಾಯಿಬಿಡುತ್ತದೆ, ಬೀಮು ಕಣ್ಣಿಗೆ ಕಾಣುವಷ್ಟು ಜಗ್ಗುತ್ತದೆ. ಮನೆಯವರು ಹೊರಗೆ ಬರಲು ಸಮಯವಿರುತ್ತದೆ. ಮಿತಿಮೀರಿ ಕಂಬಿ ತುಂಬಿದ ಬೀಮಿನಲ್ಲಿ ಕಂಬಿ ಹಿಗ್ಗುವ ಮೊದಲೇ ಮೇಲಿನ ಕಾಂಕ್ರೀಟು ನುಚ್ಚಾಗುತ್ತದೆ. ಯಾವ ಸೂಚನೆಯೂ ಇಲ್ಲದೆ ಒಮ್ಮೆಲೇ ಬೀಳುತ್ತದೆ. ಅದಕ್ಕೇ ಮಾನಕ 456 ಕಂಬಿಗೆ ಕನಿಷ್ಠ ಮಿತಿಯ ಜೊತೆಗೆ ಮೇಲಿನ ಮಿತಿಯನ್ನೂ ಹಾಕಿದೆ. ಇಕ್ಕಟ್ಟಾಗಿ ತುರುಕಿದ ಕಂಬಿಗಳ ನಡುವೆ ಜಲ್ಲಿ ಇಳಿಯದೆ ಒಳಗೆ ಪೊಳ್ಳು ಉಳಿಯುವುದು ಬೇರೆ. ದುಡ್ಡು ಕೊಟ್ಟು ಕಬ್ಬಿಣ ತುಂಬಿ, ಕಾಂಕ್ರೀಟಿಗೇ ಜಾಗವಿಲ್ಲದಂತೆ ಮಾಡುವುದು ಎಂಥ ಗಟ್ಟಿತನ?

ಸಿಮೆಂಟಿನ ಕಥೆಯೂ ಇದೇ. ಹೆಚ್ಚು ಸಿಮೆಂಟು ಹಾಕಿದರೆ ಗಟ್ಟಿ ಎನ್ನುವವರು ಅದೇ ಬಾಂಡ್ಲಿಗೆ ಬೀಳುವ ನೀರನ್ನು ಅಳೆಯುವುದಿಲ್ಲ. ಕಾಂಕ್ರೀಟಿನ ಬಲ ಮುಖ್ಯವಾಗಿ ನೀರಿಗೂ ಸಿಮೆಂಟಿಗೂ ಇರುವ ಪ್ರಮಾಣವನ್ನು ಅವಲಂಬಿಸಿದೆ ಎಂದು ಅಮೆರಿಕದ ಡಫ್ ಏಬ್ರಮ್ಸ್ 1918ರಲ್ಲೇ ತೋರಿಸಿದ. 50 ಕೆಜಿ ಚೀಲವೊಂದಕ್ಕೆ 25 ಲೀಟರಿನ ಆಸುಪಾಸು ನೀರು ಸಾಕು, ಮರಳು ಒದ್ದೆಯಿದ್ದರೆ ಅದಕ್ಕಿಂತಲೂ ಕಡಿಮೆ. ನಮ್ಮ ಮೋಲ್ಡಿನ ದಿನ ಮಿಕ್ಸರಿನ ಪಕ್ಕ ನಿಂತು ನೋಡಿ. ಕಾಂಕ್ರೀಟು ಸಾರಿನಂತೆ ಹರಿಯುವವರೆಗೆ ಬಕೆಟ್ಟು ಸುರಿಯುತ್ತಲೇ ಇರುತ್ತಾರೆ, ಏಕೆಂದರೆ ಹರಿದರೆ ಕೆಲಸ ಬೇಗ ಮುಗಿಯುತ್ತದೆ. ಹೆಚ್ಚುವರಿ ಚೀಲದಿಂದ ಬಂದ ಬಲ ಹೆಚ್ಚುವರಿ ಬಕೆಟ್ಟಿನಲ್ಲಿ ಕೊಚ್ಚಿಹೋಗುತ್ತದೆ. ಅಷ್ಟೇ ಅಲ್ಲ, ಸಿಮೆಂಟು ಅತಿಯಾದರೆ ಕಾಂಕ್ರೀಟು ಕುಗ್ಗುವಾಗ ಬಿರುಕೂ ಹೆಚ್ಚು. ಮಾನಕವೇ ಘನ ಮೀಟರಿಗೆ 450 ಕೆಜಿಗಿಂತ ಹೆಚ್ಚು ಸಿಮೆಂಟು ಬೇಡವೆನ್ನುತ್ತದೆ.

ಹೀಗೆ ಸಾವಿರಾರು ರೂಪಾಯಿಯ ಸರಕು ಸುರಿದ ಮೇಲೆ ಬಿಟ್ಟಿಯಾಗಿ ಸಿಗುವ ಬಲವನ್ನು ಕೈಬಿಡುತ್ತೇವೆ. ಕನಿಷ್ಠ ಏಳು ದಿನ, ಈಗ ಎಲ್ಲೆಡೆ ಸಿಗುವ ಮಿಶ್ರ ಸಿಮೆಂಟಾದರೆ ಹತ್ತು ದಿನ ತಾರಸಿಯನ್ನು ಒದ್ದೆಯಾಗಿಡಬೇಕು. ಮೂರು ದಿನ ನೀರು ಕಟ್ಟಿ ಮರೆಯುತ್ತೇವೆ. ನಾಲ್ಕೂವರೆ ಮೀಟರಿಗಿಂತ ಅಗಲವಾದ ತಾರಸಿಯ ಕೆಳಗಿನ ಆಧಾರದ ಕಂಬಗಳನ್ನು ಹದಿನಾಲ್ಕು ದಿನ ತೆಗೆಯುವಂತಿಲ್ಲ. ಸೆಂಟ್ರಿಂಗಿನವರ ಬಾಡಿಗೆ ಏರುತ್ತದೆಂದು ಮೊದಲೇ ಬಿಚ್ಚಿಸುತ್ತೇವೆ. ಕಂಬಿಗೂ ತಳಕ್ಕೂ ನಡುವೆ ಕನಿಷ್ಠ 20 ಎಂಎಂ ಕಾಂಕ್ರೀಟು ಇರಬೇಕು, ಇಲ್ಲವಾದರೆ ತೇವ ತಗುಲಿ ಕಂಬಿ ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಕೆಳಗಿನ ಗಾರೆಯನ್ನು ಚಕ್ಕೆ ಚಕ್ಕೆಯಾಗಿ ಕೆಡವುತ್ತದೆ. ಆ ಅಂತರ ಕಾಯುವ ಕವರ್ ಬ್ಲಾಕಿಗೆ ಚಿಲ್ಲರೆ ಕಾಸು. ಅದರ ಬದಲಿಗೆ ಜಲ್ಲಿ ಚೂರು ಸಿಕ್ಕಿಸುತ್ತಾರೆ. ಕಂಬಿಯ ದಪ್ಪದ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ಮನೆಯೊಡೆಯ ಇದಾವುದನ್ನೂ ವಿಚಾರಿಸುವುದಿಲ್ಲ. ಭಾರದ ಮೇಲಿನ ನಂಬಿಕೆ ಅವನನ್ನು ನಿಶ್ಚಿಂತನನ್ನಾಗಿ ಮಾಡಿರುತ್ತದೆ.

ಗೃಹಪ್ರವೇಶ ಮುಗಿದ ಮೇಲೆ ಈ ನಿಶ್ಚಿಂತೆ ಇನ್ನಷ್ಟು ಬೆಳೆಯುತ್ತದೆ. ಚದರಡಿಗೆ 14 ಕೆಜಿ ಎಂಬ ಅಂಕಿಯನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು. ತಾರಸಿಯ ಮೇಲೆ ಒಂದಡಿ ಮಣ್ಣು ಹರಡಿ ತರಕಾರಿ ಬೆಳೆದರೆ, ಮಳೆ ನೆನೆದ ಆ ಮಣ್ಣು ಚದರಡಿಗೆ 50 ಕೆಜಿ ಮೀರುತ್ತದೆ. ಎರಡು ಸಾವಿರ ಲೀಟರಿನ ತೊಟ್ಟಿ ತುಂಬಿದಾಗ ಎರಡು ಟನ್. ಹದಿನಾರು ಚದರಡಿಯಲ್ಲಿ ಕೂತರೆ ಚದರಡಿಗೆ 125 ಕೆಜಿ. ಗೋಡೆಗಳು ಕೂಡುವ ಮೂಲೆಯಲ್ಲೋ ಪಿಲ್ಲರುಗಳ ನೆತ್ತಿಯಲ್ಲೋ ಇಡಬೇಕಾದ ಅದನ್ನು ಪೈಪು ಹತ್ತಿರವಾಗುತ್ತದೆಂದು ಕೋಣೆಯ ನಟ್ಟನಡುವೆ ಕೂರಿಸುತ್ತಾರೆ. ಎಲೆ ಕಸ ಕಟ್ಟಿ ನೀರು ಹೋಗುವ ಕಿಂಡಿ ಮುಚ್ಚಿ ಆರಿಂಚು ಮಳೆನೀರು ನಿಂತರೆ ಜನರಿಗೆಂದು ಹಿಡಿದ ಭಾರ ಅಷ್ಟಕ್ಕೇ ಮುಗಿಯಿತು. ಮೇಲೊಂದು ಕೋಣೆ ಬೇಕೆಂದು ಬೀಮಿಲ್ಲದ ಕಡೆ ಹತ್ತಡಿ ಉದ್ದ, ಹತ್ತಡಿ ಎತ್ತರದ ನಾಲ್ಕಿಂಚಿನ ಸಾಲಿಡ್ ಬ್ಲಾಕ್ ಗೋಡೆ ಎಬ್ಬಿಸಿದರೆ ಎರಡು ಟನ್ ಒಂದೇ ಗೆರೆಯ ಮೇಲೆ ಬೀಳುತ್ತದೆ. ಅದೇ ಅಳತೆಯ ಹಗುರ ಎಎಸಿ ಬ್ಲಾಕಿನ ಗೋಡೆ ಮುಕ್ಕಾಲು ಟನ್ನೂ ಆಗದು. ‘ಟೊಳ್ಳು ಇಟ್ಟಿಗೆ’ ಎಂದು ಅದನ್ನು ಮೂದಲಿಸುತ್ತೇವೆ. ಭಾರ ಹೊರುವ ಗೋಡೆಗೆ ಅದು ಬೇಡ, ನಿಜ. ಬರೀ ಮರೆ ಮಾಡುವ ಗೋಡೆಗೆ ಅದಕ್ಕಿಂತ ಭಾರದ್ದು ಯಾಕೆ ಬೇಕು?

ಇದರ ತುತ್ತತುದಿ ಎಂದರೆ ‘ಪಾಯ ಗಟ್ಟಿಯಿದೆ’ ಎಂಬ ಧೈರ್ಯದ ಮೇಲೆ ಮಹಡಿಗಳನ್ನು ಪೇರಿಸುವುದು. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು ಒಂಬತ್ತು ಮಂದಿ ಸತ್ತರು. ಅನುಮತಿ ಮೀರಿ ಮಹಡಿ ಏರಿಸಿದ್ದು ಆಮೇಲೆ ಬಯಲಾಯಿತು.  ಎಷ್ಟು ಮಹಡಿಗೆ ಲೆಕ್ಕ ಹಾಕಿದೆಯೋ ಅಷ್ಟೇ ಮಹಡಿ ಎಂಬ ಶಿಸ್ತಿಗೆ ಅಲ್ಲಿ ಬರವಿತ್ತು.

ಎದುರುವಾದಗಳಿವೆ. ಅವುಗಳಲ್ಲಿ ಹಳೆಯದು: ‘ನಮ್ಮ ಅಜ್ಜನ ಕಾಲದ ಎರಡಡಿ ಗೋಡೆ, ಮಣ್ಣಿನ ಮಾಳಿಗೆ ನೂರು ವರ್ಷ ನಿಂತಿಲ್ಲವೇ?’ ನಿಂತದ್ದು ಕಣ್ಣಿಗೆ ಕಾಣುತ್ತದೆ, ಬಿದ್ದದ್ದು ಕಾಣುವುದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ನೆಲ ನಡುಗಿದಾಗ, ಬೀದರ್-ಕಲಬುರಗಿಗೆ ಅಂಟಿಕೊಂಡ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸಾವಿರಾರು ಜನ ಮಲಗಿದಲ್ಲೇ ಸತ್ತರು. ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ ಮತ್ತು ವರ್ಷ ವರ್ಷ ಮಣ್ಣು ಮೆತ್ತಿಸಿಕೊಂಡು ಭಾರವಾದ ಮಾಳಿಗೆ. ಭೂಕಂಪದ ಹೊಡೆತ ಕಟ್ಟಡದ ತೂಕಕ್ಕೆ ತಕ್ಕಂತೆ ಬೀಳುತ್ತದೆ. ತಲೆಯ ಮೇಲೆ ಹೆಚ್ಚು ಹೊತ್ತವನಿಗೆ ಹೆಚ್ಚು ಪೆಟ್ಟು. 2001ರ ಭುಜ್ ಭೂಕಂಪದಲ್ಲಿ ಕಛ್‌ನ ದುಂಡನೆಯ ಭುಂಗಾ ಗುಡಿಸಲುಗಳು ಹಗುರ ಚಾವಣಿಯಡಿ ಬಹುಮಟ್ಟಿಗೆ ಉಳಿದವು. ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ, ಕೆಳಗೆ ಗೋಡೆಯಿಲ್ಲದೆ ಪಾರ್ಕಿಂಗ್ ಬಿಟ್ಟು ಮೇಲೆ ಭಾರ ಪೇರಿಸಿದ ಕಾಂಕ್ರೀಟು ಕಟ್ಟಡಗಳು ನೆಲಕ್ಕೆ ಕೂತವು. ಬೆಂಗಳೂರಿನ 30×40 ಸೈಟುಗಳಲ್ಲಿ ಇಂದು ಏಳುತ್ತಿರುವ ಮನೆಗಳ ಮಾದರಿ ಯಾವುದು ಎಂದು ಓದುಗರೇ ನೋಡಿಕೊಳ್ಳಲಿ. ಭೂಕಂಪದ ಮಾತು ದೂರವೆನಿಸಿದರೆ ಮಳೆಯ ಮಾತು ಕೇಳಿ: 2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕದಲ್ಲಿ ಬಿಡದೆ ಸುರಿದ ಮಳೆಗೆ ಮಣ್ಣಿನ ಮಾಳಿಗೆಗಳು ಸಾಲುಸಾಲಾಗಿ ಬಿದ್ದವು. ನೀರು ಕುಡಿದ ಮಣ್ಣಿನ ತೂಕವನ್ನು ಹಳೆಯ ಜಂತಿಗಳು ತಾಳಲಿಲ್ಲ.

ಎರಡನೆಯ ವಾದ ಗಾಳಿಯದ್ದು. ಹಗುರ ಚಾವಣಿ ಹಾರಿಹೋಗುತ್ತದೆ, ಆದ್ದರಿಂದ ಭಾರವೇ ಕ್ಷೇಮ ಎನ್ನುತ್ತಾರೆ. ಈ ವಾದದಲ್ಲಿ ಅರ್ಧ ಸತ್ಯವಿದೆ. ತಾರಸಿಯ ಮೇಲೆ ಹಾಕಿಸುವ ಶೀಟಿನ ತೂಕ ಚದರ ಮೀಟರಿಗೆ ಸುಮಾರು ಐದು ಕೆಜಿ. ಬೆಂಗಳೂರಿಗೆ ಮಾನಕ ಹೇಳುವ ಗಾಳಿಯ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಆ ವೇಗದಲ್ಲಿ ಗಾಳಿಯ ಒತ್ತಡ ಕ್ರಮವಾಗಿ ಚದರ ಮೀಟರಿಗೆ ಸುಮಾರು 65 ಮತ್ತು 90 ಕೆಜಿ. ಶೀಟನ್ನು ಗಾಳಿ ಮೇಲಕ್ಕೆ ಎಳೆಯುತ್ತದೆ. ಚಾವಣಿಯ ಭಾರವೆಂದರೆ ಕೆಳಮುಖ ಮಾತ್ರ ಎಂದುಕೊಂಡವರು ಇದನ್ನು ಮರೆಯುತ್ತಾರೆ. ಇದಕ್ಕೆ ಉತ್ತರ ಬೋಲ್ಟು. ಶೀಟು ಪೈಪಿಗೆ, ಪೈಪು ಕಂಬಕ್ಕೆ, ಕಂಬ ತಾರಸಿಯ ಬೀಮಿಗೆ ಬಿಗಿಯಾಗಿ ಹಿಡಿದಿರಬೇಕು. ಅದನ್ನು ಬಿಟ್ಟು ಶೀಟಿನ ಮೇಲೆ ಹಳೆಯ ಟೈರು, ಸೈಜುಗಲ್ಲು ಹೇರುವುದು ಭಾರದ ಸಿದ್ಧಾಂತದ ತಾರ್ಕಿಕ ಕೊನೆ. ಬಿರುಗಾಳಿಯಲ್ಲಿ ಆ ಕಲ್ಲೂ ಪಕ್ಕದ ಮನೆಯವರ ತಲೆಯ ಮೇಲೆ ಬೀಳಬಹುದು.

ಮೂರನೆಯದು ಕೊಂಚ ಓದಿಕೊಂಡವರ ವಾದ: ‘ಎಂಜಿನಿಯರುಗಳು ಹೇಗೂ ಒಂದೂವರೆ ಪಟ್ಟು ಲೆಕ್ಕ ಹಾಕಿರುತ್ತಾರೆ, ಸ್ವಲ್ಪ ಹೆಚ್ಚು ಹೇರಿದರೆ ಏನಾಗುತ್ತದೆ?’ ಆ ಒಂದೂವರೆ ಪಟ್ಟನ್ನು ಇಟ್ಟಿರುವುದು ಲೆಕ್ಕಕ್ಕೆ ಸಿಗದ ಏರುಪೇರುಗಳಿಗಾಗಿ, ಇಂಥ ಲೋಪಗಳೂ ಅದರಲ್ಲಿ ಸೇರಿವೆ: ಕಂಬಿ ಅರ್ಧ ಇಂಚು ಆಚೀಚೆ ಆದದ್ದು, ಎಂ-ಸ್ಯಾಂಡಿನಲ್ಲಿ ಧೂಳು ಬೆರೆತದ್ದು, ಒಂದು ಮಿಕ್ಸರಿಗೆ ನೀರು ಹೆಚ್ಚಾದದ್ದು. ನಮ್ಮ ಸಾಮಾನ್ಯ ಕೆಲಸದಲ್ಲಿ ಅದರ ಬಹುಪಾಲು ಮೋಲ್ಡಿನ ದಿನವೇ ಖರ್ಚಾಗಿರುತ್ತದೆ. ಉಳಿದದ್ದೆಷ್ಟು ಎಂದು ಯಾರಿಗೂ ತಿಳಿಯದ ಹಣವನ್ನು ನಂಬಿ ಮೇಲೊಂದು ಮಹಡಿ ಕಟ್ಟುವುದು ಜಾಣತನವಲ್ಲ.

ಹಗುರವಾಗಿ, ಗಟ್ಟಿಯಾಗಿ ಕಟ್ಟುವ ದಾರಿ ನಮಗೆ ಹೊಸದೂ ಅಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಮಂಗಳೂರು ಹಂಚಿನ ಹೊದಿಕೆ ರೀಪು ಸಮೇತ ಚದರಡಿಗೆ ಸುಮಾರು ಆರು ಕೆಜಿ, ಐದಿಂಚಿನ ತಾರಸಿಯ ಐದನೇ ಒಂದು ಪಾಲು. ಕರಾವಳಿಯ, ಮಲೆನಾಡಿನ ಮಳೆಯನ್ನು ಅದು ತಲೆಮಾರುಗಳ ಕಾಲ ತಡೆದಿದೆ. ಕೇರಳದಲ್ಲಿ ನೆಲೆಸಿದ ವಾಸ್ತುಶಿಲ್ಪಿ ಲಾರಿ ಬೇಕರ್, ತಾರಸಿಯ ಕೆಳಭಾಗದ ಕಾಂಕ್ರೀಟು ಎಳೆತಕ್ಕೆ ಒದಗದೆ ಸುಮ್ಮನೆ ತೂಗುತ್ತದೆಂದು ಅರಿತು, ಕಂಬಿಗಳ ನಡುವೆ ಹಂಚು ಕೂರಿಸಿ ಕಾಂಕ್ರೀಟನ್ನೂ ಭಾರವನ್ನೂ ಇಳಿಸುವ ಫಿಲ್ಲರ್ ಸ್ಲ್ಯಾಬ್ ವಿಧಾನವನ್ನು ಜನಪ್ರಿಯಗೊಳಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಒತ್ತಿದ ಮಣ್ಣಿನ ಇಟ್ಟಿಗೆಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿ, ಪಿಲ್ಲರಿಲ್ಲದೆ ಗೋಡೆಯ ಮೇಲೆ ನಿಲ್ಲುವ ಮನೆಗಳನ್ನು ಕಟ್ಟಿ ತೋರಿಸಿದರು. ಈ ಎಲ್ಲದರ ಹಿಂದೆ ಒಂದೇ ವಿವೇಕವಿದೆ: ಭಾರ ಯಾವ ದಾರಿಯಲ್ಲಿ ನೆಲ ಮುಟ್ಟುತ್ತದೆ ಎಂದು ತಿಳಿದುಕೊಂಡು, ಆ ದಾರಿಯಲ್ಲಿ ಬೇಕಾದಷ್ಟನ್ನೇ ಇಡುವುದು. ಊರಿನವರು ಇವನ್ನೆಲ್ಲ ‘ಬಡವರ ಮನೆ’ ಎಂದು ಬದಿಗಿಟ್ಟರು. ದಪ್ಪ ಮೋಲ್ಡು ಅಂತಸ್ತಿನ ಗುರುತಾಯಿತು.

ಮನೆ ಕಟ್ಟಿಸಲು ಹೊರಟವರಲ್ಲಿ ನನ್ನ ಕೋರಿಕೆ ಇಷ್ಟೇ. ಹೆಚ್ಚುವರಿ ಕಂಬಿಗೆ ತೆಗೆದಿಟ್ಟ ಹಣವನ್ನು ಸ್ಟ್ರಕ್ಚರಲ್ ಎಂಜಿನಿಯರಿಗೆ ಕೊಡಿ. ಮುಂದೆ ಎಷ್ಟು ಮಹಡಿ, ತೊಟ್ಟಿ ಎಲ್ಲಿ, ಕೈತೋಟ ಬೇಕೇ ಎಂಬುದನ್ನು ಪಾಯ ತೆಗೆಯುವ ಮೊದಲೇ ಹೇಳಿ, ನಕ್ಷೆಯಲ್ಲಿ ಬರೆಸಿಕೊಳ್ಳಿ, ಆ ನಕ್ಷೆಯನ್ನು ಮನೆಪತ್ರದ ಜೊತೆ ಜೋಪಾನವಾಗಿಡಿ. ಮೋಲ್ಡಿನ ದಿನ ನೀರಿನ ಬಕೆಟ್ಟು ಎಣಿಸಿ, ಬಾಲ್ಕನಿಯ ಕಂಬಿ ಮೇಲೆಯೇ ಇದೆಯೇ ಎಂದು ಕಣ್ಣಾರೆ ನೋಡಿ, ಹತ್ತು ದಿನ ನೀರು ಕಟ್ಟಿ. ‘ಎಷ್ಟು ಇಂಚು ಹಾಕಿಸಿದಿರಿ?’ ಎಂದು ಕೇಳುವ ನೆಂಟರಿಗೆ ‘ಲೆಕ್ಕ ಹೇಳಿದಷ್ಟು’ ಎಂದು ಉತ್ತರಿಸುವ ಧೈರ್ಯ ನಿಮಗಿದ್ದರೆ, ನಿಮ್ಮ ಮನೆ ಊರಿನ ಎಷ್ಟೋ ದಪ್ಪ ತಾರಸಿಗಳಿಗಿಂತ ಗಟ್ಟಿ.